ಸುಸ್ಸು ಬಂದರೆ ಹೇಳುತ್ತಾಳೆ, ಕಕ್ಕಕ್ಕೆ ಮಾತ್ರ ಡೈಪರ್ ಬೇಕು ಅನ್ನುತ್ತಾಳೆ. ಏನು ಮಾಡಲಿ?

ಪುಟ್ಟಿ ಅಮ್ಮ, ಬೆಂಗಳೂರು (ಜುಲೈ 6)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಮೂರು ವರ್ಷ ಎರಡು ತಿಂಗಳು. ಸುಸ್ಸು ವಿಷಯ ಏಪ್ರಿಲ್‌ನಲ್ಲೇ ಮುಗಿಯಿತು. ಸೆಕೆ ಇತ್ತು, ಮನೆಯಲ್ಲಿ ಚಡ್ಡಿ ಇಲ್ಲದೆ ಬಿಟ್ಟೆವು. ಎರಡು ವಾರ ನೆಲ ಒರೆಸಿದ್ದೇ ಒರೆಸಿದ್ದು. ಆಮೇಲೆ ತಾನೇ "ಅಮ್ಮಾ ಸುಸ್ಸು" ಅಂತ ಬಚ್ಚಲಿಗೆ ಓಡಲು ಶುರು ಮಾಡಿದಳು.

ಕಕ್ಕದ ಕಥೆಯೇ ಬೇರೆ. ಬಂದಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಬಂದ ಕೂಡಲೇ ಬೀರುವಿನಿಂದ ಡೈಪರ್ ತಂದು ನನ್ನ ಕೈಗೆ ಕೊಡುತ್ತಾಳೆ. ಹಾಕಿದರೆ ನಡುಮನೆಯ ಪರದೆ ಹಿಂದೆ ಹೋಗಿ ನಿಲ್ಲುತ್ತಾಳೆ. ಪರದೆ ಕೆಳಗೆ ಎರಡು ಪುಟ್ಟ ಪಾದ ಮಾತ್ರ ಕಾಣುತ್ತವೆ. ಬೆರಳುಗಳು ನೆಲವನ್ನು ಒತ್ತಿ ಹಿಡಿದಿರುತ್ತವೆ. "ಅಮ್ಮ ನೋಡಬೇಡ" ಅನ್ನುತ್ತಾಳೆ. ಡೈಪರ್ ಕೊಡದಿದ್ದರೆ ಕಾಲಿಗೆ ಕಾಲು ಕತ್ತರಿ ಹಾಕಿ, ತುದಿಗಾಲಲ್ಲಿ ನಿಂತು ತಡೆಯುತ್ತಾಳೆ. ಮುಖ ಕೆಂಪಾಗುತ್ತದೆ, ಹಣೆ ಬೆವರುತ್ತದೆ. ಹೋದ ವಾರ ನಾಲ್ಕು ದಿನ ತಡೆದಳು. ನಾಲ್ಕನೇ ದಿನ ಬಂದದ್ದು ಕಲ್ಲಿನ ಹಾಗಿತ್ತು, ಜೊತೆಗೆ ಒಂದೆರಡು ಹನಿ ರಕ್ತ. ಅವಳು ಕಿರುಚಿದ ರೀತಿ ಇನ್ನೂ ಕಿವಿಯಲ್ಲಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಜೂನ್‌ನಲ್ಲಿ ಪ್ಲೇ ಹೋಮಿಗೆ ಸೇರಿಸಿದೆವು. ಮೊದಲ ವಾರವೇ ಒಂದು ದಿನ ಚಡ್ಡಿಯಲ್ಲಿ ಆಯಿತು. ಅಲ್ಲಿನ ಆಯಾ ಎಲ್ಲ ಮಕ್ಕಳ ಮುಂದೆ "ಛೀ, ಇಷ್ಟು ದೊಡ್ಡವಳಾಗಿ" ಅಂದರಂತೆ. ಇದನ್ನು ಮಗಳೇ ಹೇಳಿದ್ದು, ಮೂರು ದಿನ ಆದ ಮೇಲೆ, ರಾತ್ರಿ ಮಲಗುವಾಗ ಗೋಡೆ ಕಡೆ ಮುಖ ಮಾಡಿಕೊಂಡು.

ಅತ್ತೆ "ಡೈಪರ್ ಹಾಕಿ ನೀವೇ ಹಾಳು ಮಾಡಿದಿರಿ" ಅನ್ನುತ್ತಾರೆ. ನಮ್ಮವರು "ಬಿಡು, ತಾನೇ ಕಲಿಯುತ್ತಾಳೆ" ಅನ್ನುತ್ತಾರೆ. ನನಗೆ ಎರಡೂ ಸಮಾಧಾನ ಕೊಡುತ್ತಿಲ್ಲ. ಇದನ್ನು ದಾಟಿದವರು ಯಾರಾದರೂ ಇದ್ದೀರಾ?

ತೀರ್ಥಹಳ್ಳಿ ಅಜ್ಜಿ (ಜುಲೈ 6)

ಮಗಾ, ಮೊದಲು ನೀನು ಧೈರ್ಯ ತಂದುಕೋ. ನಾಲ್ಕು ಮಕ್ಕಳನ್ನೂ ಆರು ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದ್ದೇನೆ, ಹಾಗಾಗಿ ಹೇಳುತ್ತೇನೆ. ನಮ್ಮ ಕಾಲದಲ್ಲಿ ಹಳೇ ಪಂಚೆ ಹರಿದು ಲಂಗೋಟಿ ಕಟ್ಟುತ್ತಿದ್ದೆವು. ಮಗುವಿನ ಕತ್ತು ನಿಂತ ಮೇಲೆ ನಾವು ಕಾಲು ನೀಡಿ ಕೂರುವುದು, ಎರಡು ಪಾದ ಸ್ವಲ್ಪ ಅಗಲ ಮಾಡಿ ಅದರ ಮೇಲೆ ಮಗುವನ್ನು ಕೂರಿಸುವುದು. "ಸ್ಸ್ ಸ್ಸ್" ಅಂದರೆ ಸುಸ್ಸು. "ಹ್ಞೂಂ ಹ್ಞೂಂ" ಅಂತ ನಾವೂ ಮುಕ್ಕಿದರೆ ಇನ್ನೊಂದು. ಬೆಳಿಗ್ಗೆ ಎದ್ದ ಕೂಡಲೇ, ಹಾಲು ಕುಡಿದ ಮೇಲೆ, ದಿನಾ ಅದೇ ಹೊತ್ತಿಗೆ. ಮಲೆನಾಡಿನ ಮಳೆಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಲಂಗೋಟಿ ಒಣಗಿಸಬೇಕು. ಮಗುವೆಲ್ಲ ಹೊಗೆ ವಾಸನೆ. ಅದಕ್ಕೇ ನಮಗೆ ಬೇಗ ಕಲಿಸುವ ಅವಸರ ಇತ್ತು.

ನಿನ್ನ ಮಗಳು ಹೆದರಿದ್ದಾಳೆ ಅಷ್ಟೆ. ರಾತ್ರಿ ಹತ್ತು ಒಣದ್ರಾಕ್ಷಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಕೊಡು. ಪಪ್ಪಾಯ ಕೊಡು. ಅದಕ್ಕೂ ಆಗದಿದ್ದರೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದೆ ಇಟ್ಟರೆ ತಟ್ಟನೆ ಆಗುತ್ತದೆ.

ಧಾರವಾಡದ ಅಪ್ಪ (ಜುಲೈ 6)

ಅಕ್ಕಾರ, ನಮ್ಮ ಅನುಭವ ಹೇಳುತ್ತೇನೆ ನೋಡ್ರಿ. ನಮ್ಮ ಮಗನಿಗೆ ಎರಡೂವರೆ ವರ್ಷ ಇದ್ದಾಗ ಶುಕ್ರವಾರ ರಾತ್ರಿ ಉಳಿದ ಡೈಪರ್ ಎಲ್ಲ ತಮ್ಮನ ಮನೆಗೆ ಕೊಟ್ಟುಬಿಟ್ಟೆವು. ಶನಿವಾರ, ರವಿವಾರ, ಸೋಮವಾರ ಯಾರೂ ಹೊರಗೆ ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ಕೂರಿಸಿದೆವು. ಮೂರನೇ ದಿನಕ್ಕೆ ಎರಡೂ ಕಲಿತ. ಮನೆಯಲ್ಲಿ ಡೈಪರ್ ಇರುವ ತನಕ ಮಗು ಅದನ್ನೇ ಕೇಳುತ್ತದೆ. ಒಂದು ಸಲ ಮನಸ್ಸು ಗಟ್ಟಿ ಮಾಡಬೇಕ್ರಿ.

ಮಕ್ಕಳ ಡಾಕ್ಟರ್, ಮೈಸೂರು (ಜುಲೈ 7)

ಪುಟ್ಟಿ ಅಮ್ಮ ಅವರೇ, ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಕಲ್ಲಿನಂಥ ಮಲ ಮತ್ತು ರಕ್ತದ ಹನಿ. ಡೈಪರ್ ವಿಷಯ ಆಮೇಲಿನದು.

ಇದು ಒಂದು ಸುಳಿ. ಒಂದು ಸಲ ಗಟ್ಟಿ ಮಲ ಬರುತ್ತದೆ, ನೋಯುತ್ತದೆ, ಕೆಲವೊಮ್ಮೆ ಗುದದ ಬಾಯಲ್ಲಿ ಸಣ್ಣ ಸೀಳು ಆಗುತ್ತದೆ. ಮಗು ಮುಂದಿನ ಸಲ ಹೆದರಿ ತಡೆಯುತ್ತದೆ. ತಡೆದಷ್ಟೂ ಕರುಳು ಮಲದಲ್ಲಿರುವ ನೀರನ್ನು ಹೀರುತ್ತದೆ. ಅದು ಇನ್ನೂ ಗಟ್ಟಿಯಾಗುತ್ತದೆ, ಇನ್ನೂ ಜಾಸ್ತಿ ನೋಯುತ್ತದೆ. ಕಾಲು ಕತ್ತರಿ ಹಾಕಿ ತುದಿಗಾಲಲ್ಲಿ ನಿಲ್ಲುವುದನ್ನು ತುಂಬ ಅಪ್ಪ ಅಮ್ಮಂದಿರು ಮುಕ್ಕುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ನೀವು ಸರಿಯಾಗಿ ಗುರುತಿಸಿದ್ದೀರಿ, ಅದು ತಡೆಯುವ ಭಂಗಿ. ಹೀಗೆ ತಿಂಗಳುಗಟ್ಟಲೆ ನಡೆದರೆ ಕರುಳಿನ ಕೊನೆಯ ಭಾಗ ಹಿಗ್ಗಿ, "ಬಂದಿದೆ" ಅನ್ನುವ ಸೂಚನೆಯೇ ಮಂಕಾಗುತ್ತದೆ. ಆಗ ಗಟ್ಟಿ ಮಲದ ಪಕ್ಕದಿಂದ ನೀರಿನಂಥದ್ದು ಜಿನುಗಿ ಚಡ್ಡಿಗೆ ಹತ್ತುತ್ತದೆ. ಮನೆಯವರು ಭೇದಿ ಅಂತ ತಿಳಿದು ಔಷಧಿ ನಿಲ್ಲಿಸುತ್ತಾರೆ. ಅದು ಭೇದಿ ಅಲ್ಲ, ಮಲಬದ್ಧತೆಯೇ.

ಹಾಗಾಗಿ ಮೊದಲು ನೋವಿಲ್ಲದೆ ಬರುವ ಹಾಗೆ ಮಾಡಬೇಕು. ಮಗುವನ್ನು ಡಾಕ್ಟರಿಗೆ ತೋರಿಸಿ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡಬಹುದು. ಎರಡೂ ಮಲದಲ್ಲಿ ನೀರು ಉಳಿಯುವಂತೆ ಮಾಡುತ್ತವೆ. "ಅಭ್ಯಾಸ ಆಗಿಬಿಡುತ್ತದೆ" ಅನ್ನುವ ಹೆದರಿಕೆ ಬೇಡ. ಪ್ರಮಾಣ ಮಾತ್ರ ತೂಕ ನೋಡಿ ಡಾಕ್ಟರೇ ಹೇಳಬೇಕು. ನಾಲ್ಕು ದಿನ ಸರಿಹೋಯಿತು ಅಂತ ನಿಲ್ಲಿಸಬಾರದು, ಸಾಮಾನ್ಯವಾಗಿ ತಿಂಗಳುಗಳೇ ಬೇಕು.

ಅಜ್ಜಿ, ನಿಮ್ಮ ಒಣದ್ರಾಕ್ಷಿ, ಪಪ್ಪಾಯ ಎರಡಕ್ಕೂ ನನ್ನ ಒಪ್ಪಿಗೆ ಇದೆ. ವೀಳ್ಯದೆಲೆ ತೊಟ್ಟು, ಸೋಪಿನ ಚೂರು ಮಾತ್ರ ಬೇಡ ಅಂತ ಕೈಮುಗಿದು ಕೇಳುತ್ತೇನೆ. ಸೀಳು ಇರುವ ಜಾಗಕ್ಕೆ ಏನಾದರೂ ಇಟ್ಟರೆ ಆ ಹೊತ್ತಿಗೆ ಮಲ ಬರಬಹುದು. ಆದರೆ ಮಗುವಿನ ಹೆದರಿಕೆ ಎರಡರಷ್ಟಾಗುತ್ತದೆ.

ಧಾರವಾಡದವರೇ, ನಿಮ್ಮ ಮಗ ತಡೆಯುತ್ತಿರಲಿಲ್ಲ, ಅವನಿಗೆ ನೋವೂ ಇರಲಿಲ್ಲ. ಅಂಥ ಮಗುವಿಗೆ ಮೂರು ದಿನದ ಕ್ರಮ ಸಾಕಾಗಬಹುದು. ನೋವಿಗೆ ಹೆದರಿ ತಡೆಯುವ ಮಗುವಿನ ಕೈಯಿಂದ ಡೈಪರ್ ಕಿತ್ತುಕೊಂಡರೆ ಅದು ಇನ್ನೂ ಜಾಸ್ತಿ ದಿನ ತಡೆಯುತ್ತದೆ. ಸದ್ಯಕ್ಕೆ ಡೈಪರ್ ಕೇಳಿದರೆ ಕೊಡಿ. ಎಲ್ಲಿ ಮಾಡಿದಳು ಅನ್ನುವುದಕ್ಕಿಂತ ದಿನಾ ಮೆತ್ತಗೆ ಆಗುತ್ತದೆಯಾ ಅನ್ನುವುದು ಮುಖ್ಯ.

ಇದು ನಿಮ್ಮ ಮನೆಯ ತಪ್ಪಲ್ಲ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 482 ಮಕ್ಕಳನ್ನು ನೋಡಿದ್ದರು. ಅವರಲ್ಲಿ ಶೇಕಡಾ 22ರಷ್ಟು ಮಕ್ಕಳು ಹೀಗೆಯೇ ಸುಸ್ಸು ಕಲಿತು, ಕಕ್ಕಕ್ಕೆ ಮಾತ್ರ ಕನಿಷ್ಠ ಒಂದು ತಿಂಗಳು ಒಪ್ಪಿರಲಿಲ್ಲ.

ಪುಟ್ಟಿ ಅಮ್ಮ, ಬೆಂಗಳೂರು (ಜುಲೈ 7)

ಡಾಕ್ಟ್ರೇ, ತುಂಬ ಧನ್ಯವಾದ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಅಂತ ಗೊತ್ತಾಗಿ ಎದೆಯ ಭಾರ ಇಳಿಯಿತು. ನಿಮ್ಮ ಉತ್ತರವನ್ನು ನಮ್ಮವರಿಗೂ ಅತ್ತೆಗೂ ಓದಿ ಹೇಳಿದೆ. ಒಂದು ಪ್ರಶ್ನೆ. ಅವಳು ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಯುತ್ತಾಳೆ. ಊಟ ಕಮ್ಮಿ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಮಕ್ಕಳ ಡಾಕ್ಟರ್, ಮೈಸೂರು (ಜುಲೈ 7)

ಇದೆ. ಹಾಲಿನಲ್ಲಿ ನಾರು ಇಲ್ಲ. ಹೊಟ್ಟೆ ಹಾಲಿನಲ್ಲೇ ತುಂಬಿದರೆ ಅನ್ನ, ಸೊಪ್ಪು, ಕಾಳು ಒಳಗೆ ಹೋಗುವುದಿಲ್ಲ. ದಿನಕ್ಕೆ ಅರ್ಧ ಲೀಟರ್ ದಾಟಿಸಬೇಡಿ, ಎರಡು ಲೋಟ ಸಾಕು. ಜಾಸ್ತಿ ಹಾಲಿನಿಂದ ಮೈಯಲ್ಲಿ ಕಬ್ಬಿಣದ ಅಂಶವೂ ಕಮ್ಮಿಯಾಗುತ್ತದೆ. ತೊಗರಿಬೇಳೆ ಜೊತೆ ಸೊಪ್ಪು, ರಾಗಿ, ಸಿಪ್ಪೆ ಸಮೇತ ಪೇರಲೆ, ಸೀಬೆ ಯಾವ ಹೆಸರಿನಿಂದ ಕರೆದರೂ ಸರಿ, ಅದನ್ನು ಕೊಡಿ. ನೀರು ಕೈಗೆ ಸಿಗುವ ಜಾಗದಲ್ಲಿ ಇಡಿ.

ಕೆಲವು ಲಕ್ಷಣ ಇದ್ದರೆ ಮಾತ್ರ ತಡ ಮಾಡಬಾರದು. ಹುಟ್ಟಿದ ಮೊದಲ ತಿಂಗಳಿಂದಲೇ ಮಲಬದ್ಧತೆ ಇದ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ತೂಕ ಏರದಿದ್ದರೆ, ಕಾಲಿನಲ್ಲಿ ಬಲ ಕಮ್ಮಿ ಅನಿಸಿದರೆ ಕೂಡಲೇ ತೋರಿಸಿ. ಅದು ಬೇರೆ ಕಾಯಿಲೆ ಇರಬಹುದು.

ಡಲ್ಲಾಸ್ ಕನ್ನಡತಿ (ಜುಲೈ 8)

ಅಯ್ಯೋ, ಆ ಪರದೆ ಕೆಳಗಿನ ಪಾದ ಓದಿ ಕಣ್ಣು ತುಂಬಿತು. ನಮ್ಮ ಮಗ ಸೋಫಾ ಹಿಂದೆ ನಿಲ್ಲುತ್ತಿದ್ದ. ಥೇಟ್ ಇದೇ. ನಾಲ್ಕು ತಿಂಗಳು ಹಿಡಿಯಿತು, ಆದರೆ ಆಯಿತು.

ನಮಗೆ ಇಲ್ಲಿನ ಡಾಕ್ಟರ್ ಹೇಳಿಕೊಟ್ಟ ದಾರಿ ಇದು. ಮಲ ಮೆತ್ತಗಾಗಿ ಎರಡು ವಾರ ಆದ ಮೇಲೆ ಶುರು ಮಾಡಿದೆವು. ಮೊದಲು ಡೈಪರ್ ಕೊಡುವುದು, ಆದರೆ ಬಾತ್‌ರೂಮಿನ ಒಳಗೆ ನಿಂತು ಮಾಡಬೇಕು. ಅದು ಸಲೀಸಾದ ಮೇಲೆ ಡೈಪರ್ ಹಾಕಿಕೊಂಡೇ ಪಾಟಿ (ಮಕ್ಕಳ ಪುಟ್ಟ ಕಮೋಡ್) ಮೇಲೆ ಕೂರುವುದು. ಆಮೇಲೆ ಡೈಪರನ್ನು ಸಡಿಲ ಕಟ್ಟುವುದು. ಆಮೇಲೆ ಡೈಪರ್ ಕೆಳಗೆ ಕತ್ತರಿಯಿಂದ ಒಂದು ತೂತು ಮಾಡಿ, ಅದನ್ನೇ ಹಾಕಿ ಕೂರಿಸುವುದು. ಅವನಿಗೆ ಸೊಂಟದ ಸುತ್ತ ಡೈಪರ್ ಇದೆ ಅನ್ನುವ ಧೈರ್ಯ ಇರುತ್ತದೆ, ಮಾಡಿದ್ದು ಮಾತ್ರ ಪಾಟಿಗೆ ಬೀಳುತ್ತದೆ. ದಿನ ಕಳೆದ ಹಾಗೆ ತೂತು ದೊಡ್ಡದು ಮಾಡುತ್ತಾ ಹೋದೆ. ಕೊನೆಗೆ ಬರೀ ಪಟ್ಟಿ ಉಳಿಯಿತು. ಒಂದು ದಿನ ಅವನೇ "ಇದು ಬೇಡ" ಅಂದ. ಮಗು ಒಂದು ಮೆಟ್ಟಿಲಲ್ಲಿ ಅತ್ತರೆ ಹಿಂದಿನ ಮೆಟ್ಟಿಲಿಗೆ ವಾಪಸ್ ಹೋಗಬೇಕು, ಇದನ್ನು ಮರೆಯಬೇಡಿ.

ಇನ್ನೊಂದು, ಪಾದ ಗಾಳಿಯಲ್ಲಿ ತೂಗಾಡಬಾರದು. ದೊಡ್ಡವರ ಕಮೋಡಿನ ಮೇಲೆ ಸಣ್ಣ ಸೀಟ್ ಇಟ್ಟು ಕೂರಿಸಿದರೆ ಮಗುವಿಗೆ ಬೀಳುವ ಭಯ, ಮುಕ್ಕಲು ಕಾಲಿಗೆ ಆಧಾರವೂ ಇಲ್ಲ. ಕಾಲ ಕೆಳಗೆ ಸ್ಟೂಲ್ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ನಮ್ಮ ಇಂಡಿಯನ್ ಪಾಯಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತ ಹಾಗೆ ಆಗುತ್ತದೆ, ದಾರಿ ನೇರವಾಗುತ್ತದೆ.

ಫ್ಲಶ್ ಸದ್ದಿಗೂ ಅವನು ನಡುಗುತ್ತಿದ್ದ. ಇಲ್ಲಿ ಮಾಲ್‌ಗಳಲ್ಲಿ ಸೆನ್ಸರ್ ಇರುವ ಕಮೋಡ್, ಮಗು ಕೂತಿರುವಾಗಲೇ ಜೋರಾಗಿ ನೀರು ಹೊಡೆಯುತ್ತದೆ. ಬ್ಯಾಗಿನಲ್ಲಿ ಸದಾ ಸ್ಟಿಕಿ ನೋಟ್ ಇಟ್ಟುಕೊಂಡಿರುತ್ತಿದ್ದೆ. ಸೆನ್ಸರ್ ಮೇಲೆ ಅಂಟಿಸಿದರೆ ಫ್ಲಶ್ ಆಗುವುದಿಲ್ಲ. ಮಗು ಹೊರಗೆ ಹೋದ ಮೇಲೆ ತೆಗೆದರೆ ಆಯಿತು.

ತೀರ್ಥಹಳ್ಳಿ ಅಜ್ಜಿ (ಜುಲೈ 8)

ಡಾಕ್ಟರಪ್ಪ, ನೀವು ಹೇಳಿದ್ದು ಕೇಳಿದೆ. ತೊಟ್ಟಿನ ಮಾತು ವಾಪಸ್ ತೆಗೆದುಕೊಂಡೆ. ನನ್ನ ಎರಡನೇ ಮಗ ಆ ತೊಟ್ಟು ಕಂಡರೆ ಹಿತ್ತಲಿಗೆ ಓಡುತ್ತಿದ್ದ, ಈಗ ನೆನಪಾಗುತ್ತಿದೆ. ಸ್ಟೂಲ್ ಅಂತ ಹುಡುಕಬೇಡಿ ಮಗಾ, ಮನೆಯಲ್ಲಿ ಊಟದ ಮಣೆ ಇಲ್ಲವಾ? ಹಳೇದು ಒಂದನ್ನು ಅದಕ್ಕೇ ಅಂತ ಬೇರೆ ಇಡು. ಒಂದು ಸಾಲದಿದ್ದರೆ ಒಂದರ ಮೇಲೊಂದು ಎರಡು ಇಟ್ಟು ಜಾರದ ಹಾಗೆ ಕಟ್ಟು.

ಒಂದು ಕೇಳಬೇಕು ಡಾಕ್ಟರೇ. ನಮ್ಮ ಮಕ್ಕಳು ಒಂದು ವರ್ಷಕ್ಕೆ ಕಲಿತರು. ಈಗಿನವು ಮೂರಾದರೂ ಯಾಕೆ ಕಲಿಯುವುದಿಲ್ಲ?

ಮಕ್ಕಳ ಡಾಕ್ಟರ್, ಮೈಸೂರು (ಜುಲೈ 8)

ಒಳ್ಳೆ ಪ್ರಶ್ನೆ ಅಜ್ಜಿ. ಒಂದು ವರ್ಷಕ್ಕೆ ಕಲಿತದ್ದು ಮಗು ಮತ್ತು ನೀವು, ಇಬ್ಬರೂ ಸೇರಿ. ಮಗುವಿನ ಮುಖ ನೋಡಿ, ಹೊತ್ತು ನೋಡಿ ನೀವು ಎತ್ತಿಕೊಂಡು ಹೋಗುತ್ತಿದ್ದಿರಿ. ಅದು ಒಳ್ಳೆಯ ಪದ್ಧತಿಯೇ, ಮನೆಯಲ್ಲಿ ಹೊತ್ತು ಇರುವ ಕೈ ಬೇಕು ಅಷ್ಟೆ. ತಾನೇ ಗುರುತಿಸಿ, ಹೇಳಿ, ಜಾಗ ತಲುಪುವ ತನಕ ಹಿಡಿದು, ಚಡ್ಡಿ ಬಿಚ್ಚಿ ಕೂರುವುದು ಬೇರೆ. ಅದಕ್ಕೆ ಬಹಳಷ್ಟು ಮಕ್ಕಳು ಒಂದೂವರೆಯಿಂದ ಮೂರು ವರ್ಷದ ನಡುವೆ ತಯಾರಾಗುತ್ತಾರೆ. ಎರಡು ಗಂಟೆ ಚಡ್ಡಿ ಒಣಗಿದ್ದರೆ, ಒದ್ದೆಯಾದರೆ ಕಿರಿಕಿರಿ ಮಾಡಿಕೊಂಡರೆ, "ಚಪ್ಪಲಿ ತಾ" ಅಂದರೆ ತಂದರೆ ಶುರು ಮಾಡಬಹುದು. ಈಗಿನ ಡೈಪರ್ ಒಳಗಿನ ಪುಡಿ ಒದ್ದೆಯನ್ನೆಲ್ಲ ಜೆಲ್ ಮಾಡಿ ಹಿಡಿದಿಡುತ್ತದೆ. ಮಗುವಿಗೆ ತಾನು ಸುಸ್ಸು ಮಾಡಿದ್ದೇ ತಿಳಿಯುವುದಿಲ್ಲ. ಲಂಗೋಟಿ ಅದನ್ನು ಕೂಡಲೇ ತಿಳಿಸುತ್ತಿತ್ತು.

ಅಂಗನವಾಡಿ ಟೀಚರ್, ಹಾಸನ ಜಿಲ್ಲೆ (ಜುಲೈ 9)

ಪುಟ್ಟಿ ಅಮ್ಮ ಅವರೇ, ಆ ಆಯಾ ಹೇಳಿದ ಮಾತು ಓದಿ ಮನಸ್ಸಿಗೆ ಕಷ್ಟ ಆಯಿತು. ನಮ್ಮ ಕೇಂದ್ರಕ್ಕೂ ಮೂರು ವರ್ಷದಿಂದಲೇ ಮಕ್ಕಳು ಬರುತ್ತಾರೆ. ಚಡ್ಡಿ ಒದ್ದೆಯಾದರೆ ನಾನು ಮಗುವನ್ನು ಪಕ್ಕಕ್ಕೆ ಕರೆದು, "ಬಾ, ಬಟ್ಟೆ ಬದಲಾಯಿಸೋಣ" ಅಂತಷ್ಟೇ ಹೇಳುತ್ತೇನೆ. ಬೇರೆ ಮಕ್ಕಳಿಗೆ ಗೊತ್ತೂ ಆಗಬಾರದು.

ಎಲ್ಲ ತಾಯಂದಿರಲ್ಲಿ ಒಂದು ಮನವಿ. ನಿಮ್ಮ ಮನೆಯಲ್ಲಿ ಯಾವ ಪದ ಬಳಸುತ್ತೀರಿ ಅಂತ ಟೀಚರಿಗೆ ಮೊದಲ ದಿನವೇ ಹೇಳಿ. ಒಂದು ಮನೆಯಲ್ಲಿ ಸುಸ್ಸು, ಇನ್ನೊಂದು ಮನೆಯಲ್ಲಿ ಉಚ್ಚೆ, ಮತ್ತೊಂದರಲ್ಲಿ ಒಂದ. ಹೋದ ವರ್ಷ ಒಬ್ಬ ಹುಡುಗ ಎರಡು ದಿನ ನನ್ನ ಸೆರಗು ಹಿಡಿದು "ಜೂ, ಜೂ" ಅನ್ನುತ್ತಿದ್ದ. ಆಟಿಕೆ ಕೇಳುತ್ತಿದ್ದಾನೆ ಅಂದುಕೊಂಡೆ. ಮೂರನೇ ದಿನ ಅವನ ಅಕ್ಕ ಬಂದು ಹೇಳಿದ ಮೇಲೆ ಅರ್ಥವಾಯಿತು. ಆ ಎರಡು ದಿನ ಅವನು ಚಡ್ಡಿಯಲ್ಲೇ ಮಾಡಿಕೊಂಡಿದ್ದ.

ಗುಂಡಿ, ಜಿಪ್, ಬೆಲ್ಟ್ ಇರುವ ಪ್ಯಾಂಟ್ ಹಾಕಿ ಕಳಿಸಬೇಡಿ. ಎಲಾಸ್ಟಿಕ್ ಚಡ್ಡಿ ಸಾಕು. ಮಗುವಿಗೆ ಗುಂಡಿ ಬಿಚ್ಚುವಷ್ಟು ಹೊತ್ತು ತಡೆಯಲು ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಮನೆಯಲ್ಲೇ ಹೇಳಿಕೊಡಿ. ಹಿಂದಿನದು ಮುಂದೆ ಬಂದರೆ ಉರಿಮೂತ್ರ ಆಗುತ್ತದೆ. ಕೈಗೆ ಸೋಪು ಹಾಕಿಸಿ, ಮಗುವಿಗೂ ನಿಮಗೂ. ಚಿಕ್ಕ ಮಕ್ಕಳ ಮಲ ಅಲ್ಲವಾ ಅಂತ ಹಿತ್ತಲಲ್ಲಿ, ಚರಂಡಿಯಲ್ಲಿ ಎಸೆಯುವವರು ಇನ್ನೂ ಇದ್ದಾರೆ. ಅದರಲ್ಲೂ ರೋಗಾಣು ಇರುತ್ತದೆ, ಪಾಯಖಾನೆಗೇ ಹಾಕಬೇಕು.

ಮಕ್ಕಳ ಡಾಕ್ಟರ್, ಮೈಸೂರು (ಜುಲೈ 9)

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ "ಛೀ" ಅನ್ನುವುದು ನಮ್ಮೆಲ್ಲರ ಬಾಯಲ್ಲೂ ತಾನಾಗಿ ಬರುತ್ತದೆ. ಡೈಪರ್ ಬಿಚ್ಚುವಾಗ ಮೂಗು ಮುಚ್ಚಿ "ಛೀ, ಗಲೀಜು, ವಾಸನೆ" ಅನ್ನುತ್ತೇವೆ. ಮಗುವಿಗೆ ಕಕ್ಕ ಬೇರೆ, ತಾನು ಬೇರೆ ಅಂತ ಇನ್ನೂ ಸರಿಯಾಗಿ ತಿಳಿದಿರುವುದಿಲ್ಲ. ತನ್ನ ಮೈಯಿಂದ ಬಂದದ್ದನ್ನು ಅಮ್ಮ ಛೀ ಅಂದರೆ ಅದನ್ನು ಬಚ್ಚಿಡಲು ನೋಡುತ್ತದೆ. ಅಮೆರಿಕದ ಅದೇ ವೈದ್ಯರ ತಂಡ ಆಮೇಲೆ ಇದನ್ನೂ ಪರೀಕ್ಷಿಸಿತು. ತರಬೇತಿ ಶುರು ಮಾಡುವ ಮುಂಚೆಯೇ ಇಂಥ ಮಾತು ನಿಲ್ಲಿಸಿ, ಡೈಪರ್‌ನಲ್ಲಿ ಮಾಡಿದಾಗಲೂ ಮಗುವನ್ನು ಹೊಗಳಿದ ಮನೆಗಳಲ್ಲಿ ಈ ಹಠ ಬೇಗ ಮುಗಿಯಿತು.

ಪುಟ್ಟಿ ಅಮ್ಮ, ಬೆಂಗಳೂರು (ಜುಲೈ 9)

ನಾನೂ ಅನ್ನುತ್ತಿದ್ದೆ. ದಿನಾ ಅನ್ನುತ್ತಿದ್ದೆ. ಇವತ್ತಿನಿಂದ ಇಲ್ಲ.

ಶಿರಸಿ ತಾಯಿ (ಜುಲೈ 11)

ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಮಗನಿಗೆ ನಾಲ್ಕು ವರ್ಷ. ಹಗಲು ಎಲ್ಲ ಸರಿ, ರಾತ್ರಿ ಹಾಸಿಗೆ ಒದ್ದೆ. ಮಳೆಗಾಲದಲ್ಲಿ ಹಾಸಿಗೆ ಒಣಗಿಸಿ ಸಾಕಾಗಿದೆ. ಸಂಜೆ ಆರರ ಮೇಲೆ ನೀರು ಕೊಡುತ್ತಿಲ್ಲ.

ಮಕ್ಕಳ ಡಾಕ್ಟರ್, ಮೈಸೂರು (ಜುಲೈ 11)

ರಾತ್ರಿಯದು ಕಲಿಸಿ ಬರುವುದಲ್ಲ, ಮೈ ಬೆಳೆದಂತೆ ಬರುತ್ತದೆ. ಐದು ವರ್ಷದ ಮಕ್ಕಳಲ್ಲೂ ಸುಮಾರು 15 ಶೇಕಡಾ ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅದಕ್ಕೂ ಮುಂಚೆ ಅದನ್ನು ಕಾಯಿಲೆ ಅನ್ನುವುದಿಲ್ಲ. ಬಾಯಾರಿದ ಮಗುವಿಗೆ ನೀರು ತಪ್ಪಿಸಬೇಡಿ, ಹಗಲು ಜಾಸ್ತಿ ಕುಡಿಸಿ. ಮಲಗುವ ಮುಂಚೆ ಸುಸ್ಸು ಮಾಡಿಸಿ, ಹಾಸಿಗೆ ಮೇಲೆ ರಬ್ಬರ್ ಶೀಟ್ ಹಾಕಿ. ಎಷ್ಟೋ ತಿಂಗಳು ಒಣಗಿದ್ದ ಮಗು ಇದ್ದಕ್ಕಿದ್ದ ಹಾಗೆ ಮತ್ತೆ ಶುರು ಮಾಡಿದರೆ, ಜೊತೆಗೆ ತುಂಬ ನೀರು ಕುಡಿದು ಸೊರಗುತ್ತಿದ್ದರೆ ಮಾತ್ರ ಅದೇ ದಿನ ತೋರಿಸಿ, ಸಕ್ಕರೆ ಪರೀಕ್ಷೆ ಮಾಡಬೇಕು.

ಪುಟ್ಟಿ ಅಮ್ಮ, ಬೆಂಗಳೂರು (ಜುಲೈ 30)

ಸ್ವಲ್ಪ ಸುದ್ದಿ. ಡಾಕ್ಟರ್ ಪುಡಿ ಬರೆದುಕೊಟ್ಟರು. ಹಾಲು ಎರಡು ಲೋಟಕ್ಕೆ ಇಳಿಸಿದೆ, ಮೊದಲ ಮೂರು ದಿನ ಗಲಾಟೆ, ಆಮೇಲೆ ಹಸಿವಾಗಿ ಮುದ್ದೆ ಸಾರು ತಿನ್ನಲು ಶುರು ಮಾಡಿದಳು. ಈಗ ದಿನಕ್ಕೊಮ್ಮೆ, ಬಾಳೆಹಣ್ಣಿನಷ್ಟು ಮೆತ್ತಗೆ. ಡೈಪರ್‌ನಲ್ಲೇ, ಆದರೆ ಬಚ್ಚಲಲ್ಲಿ ನಿಂತು. ಪರದೆ ಹಿಂದೆ ಹೋಗುವುದು ನಿಂತಿದೆ.

ಪ್ಲೇ ಹೋಮಿಗೆ ಹೋಗಿ ಮಾತಾಡಿದೆ. ಜಗಳ ಆಡಲಿಲ್ಲ. ಅವಳಿಗೆ ನೋವಿದೆ, ಔಷಧಿ ನಡೆಯುತ್ತಿದೆ, ಚಡ್ಡಿಯಲ್ಲಿ ಆದರೂ ಬೈಯಬೇಡಿ ಅಂದೆ. ಆಯಾ ಕಣ್ಣು ಕೆಳಗೆ ಹಾಕಿ "ಗೊತ್ತಿರಲಿಲ್ಲ ಮೇಡಂ" ಅಂದರು. ಮರುದಿನದಿಂದ ಅವರೇ ಅವಳ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಾರೆ.

ಧಾರವಾಡದ ಅಪ್ಪ (ಜುಲೈ 31)

ಬಹಳ ಖುಷಿ ಆತು ಅಕ್ಕಾರ. ನಾನು ಮೊದಲು ಗಟ್ಟಿ ಮನಸ್ಸು ಮಾಡಿ ಅಂದಿದ್ದೆ. ಈ ಚರ್ಚೆ ಓದಿದ ಮೇಲೆ ಮಗಳನ್ನು ಗಮನಿಸಿದೆ. ಎರಡು ವರ್ಷದವಳು, ಆಡಿನ ಹಿಕ್ಕೆ ಥರ ಆಗುತ್ತಿತ್ತು. ಡಾಕ್ಟರಿಗೆ ತೋರಿಸಿದೆವು. ಕಲಿಸುವುದನ್ನು ಎರಡು ತಿಂಗಳು ಮುಂದೆ ಹಾಕಿದ್ದೇವೆ.

ಒಂದು ಉಪಾಯ ನಮಗೆ ಫಲ ಕೊಟ್ಟಿತ್ತು, ಹೇಳುತ್ತೇನೆ. ಮಗನನ್ನು ಕೂರಿಸಿ ಪೀಪಿ ಊದಲು ಕೊಡುತ್ತಿದ್ದೆ. ಊದಿದಾಗ ಹೊಟ್ಟೆ ತಾನೇ ಬಿಗಿಯುತ್ತದೆ, ಮುಕ್ಕು ಅಂತ ಹೇಳಬೇಕಿಲ್ಲ. ಊಟ ಆದ ಇಪ್ಪತ್ತು ನಿಮಿಷಕ್ಕೆ ಕೂರಿಸಿದರೆ ಛಲೋ. ಹೊಟ್ಟೆ ತುಂಬಿದಾಗ ಕರುಳು ಓಡುತ್ತದೆ. ಐದು ನಿಮಿಷ ಸಾಕು, ಬರದಿದ್ದರೆ ಎಬ್ಬಿಸಿಬಿಡ್ರಿ.

ಪುಟ್ಟಿ ಅಮ್ಮ, ಬೆಂಗಳೂರು (ಸೆಪ್ಟೆಂಬರ್ 21)

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಆಗಸ್ಟ್ ಪೂರ್ತಿ ಡೈಪರ್ ಕಟ್ಟಿಕೊಂಡು ಪಾಟಿ ಮೇಲೆ ಕೂತಳು, ಕಾಲ ಕೆಳಗೆ ಅಜ್ಜಿ ಹೇಳಿದ ಮಣೆ. ತೂತು ಮಾಡಿದ ದಿನ ಅತ್ತಳು, ಮತ್ತೆ ಹಿಂದಿನ ಮೆಟ್ಟಿಲಿಗೆ ಹೋದೆವು. ನಡುವೆ ಜ್ವರ ಬಂತು, ಒಂದು ವಾರ ಎಲ್ಲ ಬಿಟ್ಟೆವು.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆವು. ಪಾಟಿ ತೆಗೆದುಕೊಂಡು ಹೋಗುವುದು ಮರೆತೆ. ಬೆಳಿಗ್ಗೆ ಅವಳಿಗೆ ಬಂತು. ನನಗೆ ಕೈಕಾಲು ಆಡಲಿಲ್ಲ. ನನ್ನ ಅತ್ತೆ, ಡೈಪರ್ ಹಾಕಿ ಹಾಳು ಮಾಡಿದಿರಿ ಅಂದಿದ್ದ ಅದೇ ಅತ್ತೆ, ಹಳೇ ಬಚ್ಚಲಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತರು. ಪಾದ ಅಗಲ ಮಾಡಿ "ಬಾ ಕಂದ, ನಿನ್ನ ಅಪ್ಪನೂ ಇಲ್ಲೇ ಕೂರುತ್ತಿದ್ದ" ಅಂದರು. ಮೂರು ವರ್ಷದವಳು, ಉದ್ದ ಕಾಲು, ಅಜ್ಜಿಯ ಪಾದದ ಮೇಲೆ ಕುಕ್ಕರಗಾಲಲ್ಲಿ ಕೂತು ಅವರ ಮೊಣಕಾಲು ಹಿಡಿದುಕೊಂಡಳು. ಇಬ್ಬರೂ "ಹ್ಞೂಂ" ಅಂದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಡೈಪರ್ ಕೇಳಲೇ ಇಲ್ಲ.

ವಾಪಸ್ ಬಂದ ಮೇಲೆ ಹನ್ನೆರಡು ದಿನದಲ್ಲಿ ಹತ್ತು ದಿನ ಪಾಟಿಯಲ್ಲಿ, ಎರಡು ದಿನ ಚಡ್ಡಿಯಲ್ಲಿ. ಈಗಲೂ "ಅಮ್ಮ ನೋಡಬೇಡ" ಅನ್ನುತ್ತಾಳೆ, ಬಾಗಿಲು ತಾನೇ ಮುಂದೆ ಮಾಡಿಕೊಳ್ಳುತ್ತಾಳೆ. ಆದ ಮೇಲೆ "ನೀರು ಹಾಕು ಬಾ" ಅಂತ ಕೂಗುತ್ತಾಳೆ.

ಡಾಕ್ಟ್ರೇ, ಪುಡಿ ಇನ್ನು ನಿಲ್ಲಿಸಬಹುದಾ?

ಮಕ್ಕಳ ಡಾಕ್ಟರ್, ಮೈಸೂರು (ಸೆಪ್ಟೆಂಬರ್ 21)

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಪುಡಿ ಈಗಲೇ ನಿಲ್ಲಿಸಬೇಡಿ. ಪಾಟಿಯಲ್ಲಿ ಕೂರುವುದು ಪೂರ್ತಿ ರೂಢಿಯಾಗಿ, ಇನ್ನೂ ಕೆಲವು ವಾರ ಮೆತ್ತಗೆ ಆಗಲಿ. ಆಮೇಲೆ ನಿಮ್ಮ ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡಿ. ಮತ್ತೆ ಗಟ್ಟಿಯಾದರೆ ಹಿಂದಿನ ಪ್ರಮಾಣಕ್ಕೆ ವಾಪಸ್ ಹೋಗಬೇಕಾಗುತ್ತದೆ.

ತೀರ್ಥಹಳ್ಳಿ ಅಜ್ಜಿ (ಸೆಪ್ಟೆಂಬರ್ 22)

ನಿನ್ನ ಅತ್ತೆಯ ಮಂಡಿಗೆ ರಾತ್ರಿ ಬಿಸಿ ಎಣ್ಣೆ ಹಚ್ಚು ಮಗಾ. ಮೂರು ವರ್ಷದ ಮಗುವಿನ ಭಾರ ಕಾಲ ಮೇಲೆ ಹೊತ್ತಿದ್ದಾರೆ.